ಐಎಲ್-2 ಪುಡಿ ಕರಗಿಸುವುದು ಹೇಗೆ?

ಐಎಲ್-2 ಅಂದರೆ ಇಂಟರ್‌ಲ್ಯೂಕಿನ್-2, ರೋಗನಿರೋಧಕ ಕೋಶಗಳಿಗೆ ಸಂಕೇತ ಕೊಡುವ ಪ್ರೋಟೀನ್. ಇದರ ಪುಡಿಯ ವಯಲ್ (ಪುಟ್ಟ ಸೀಸೆ) ಮೊದಲ ಸಲ ಕೈಗೆ ಬಂದಾಗ ಹೊಸಬರು ಗಾಬರಿಯಾಗುತ್ತಾರೆ, ಯಾಕಂದ್ರೆ ಒಳಗೆ ಏನೂ ಕಾಣುವುದಿಲ್ಲ. ಗಾಬರಿ ಬೇಡ. ವಯಲಿನಲ್ಲಿ 10 ಮೈಕ್ರೊಗ್ರಾಂ ಇದೆ ಅಂದುಕೊಳ್ಳಿ, ಅಂದರೆ ಒಂದು ಗ್ರಾಂನ ಲಕ್ಷದಲ್ಲೊಂದು ಪಾಲು. ಅಷ್ಟು ಪ್ರೋಟೀನ್ ಗೋಡೆಗೆ ತೆಳ್ಳಗೆ ಅಂಟಿಕೊಂಡಿರುತ್ತದೆ, ಕೆಲವೊಮ್ಮೆ ಮುಚ್ಚಳದ ಒಳಗೂ.

ಲ್ಯಾಬಿನಲ್ಲಿ ಟಿ ಕೋಶ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಬೆಳೆಸುವವರಿಗೆ ಇದು ಬೇಕೇ ಬೇಕು. 1976ರಲ್ಲಿ ಇದು ಪತ್ತೆಯಾದದ್ದೇ ಟಿ ಕೋಶಗಳನ್ನು ಬೆಳೆಸುವ ಅಂಶವಾಗಿ. 1983ರಲ್ಲಿ ಇದರ ಜೀನ್ ಸಿಕ್ಕಿತು. ಈಗ ಮನುಷ್ಯರ ಆ ಜೀನನ್ನು ಹೆಚ್ಚಾಗಿ ಇ. ಕೊಲೈ ಬ್ಯಾಕ್ಟೀರಿಯಾದೊಳಗೆ ಇಟ್ಟು ಈ ಪ್ರೋಟೀನ್ ತಯಾರಿಸುತ್ತಾರೆ.

ಮುಚ್ಚಳ ತೆಗೆಯುವ ಮೊದಲು ವಯಲನ್ನು ಸೆಂಟ್ರಿಫ್ಯೂಜಿನಲ್ಲಿ ಅರ್ಧ ನಿಮಿಷ ತಿರುಗಿಸಿ, ಮುಚ್ಚಳದಲ್ಲಿರುವ ಪುಡಿ ತಳಕ್ಕಿಳಿಯಲಿ. ನಾನು ಒಮ್ಮೆ ಅವಸರದಲ್ಲಿ ಹಾಗೇ ತೆಗೆದುಬಿಟ್ಟೆ, ಆ ವಾರ ಟಿ ಕೋಶಗಳು ಸರಿಯಾಗಿ ಬೆಳೆಯಲೇ ಇಲ್ಲ, ಪ್ರೋಟೀನ್ ಎಷ್ಟು ಮುಚ್ಚಳದ ಜೊತೆ ಹೋಯಿತೋ ಲೆಕ್ಕ ಹಾಕಲು ದಾರಿಯೇ ಇರಲಿಲ್ಲ.

ಆಮೇಲೆ ವಯಲ್ ಜೊತೆ ಬಂದ ಕಾಗದ ಓದಿ. ಕೆಲವರ ಐಎಲ್-2 ಬರೀ ಸ್ಟೆರೈಲ್ ನೀರಿನಲ್ಲಿ ಕರಗುತ್ತದೆ, ಕೆಲವರದಕ್ಕೆ 100 ಮಿಲಿಮೋಲಾರ್ ಅಸಿಟಿಕ್ ಆಮ್ಲ ಬೇಕು. ಹಳೇ ಅಭ್ಯಾಸದಿಂದ ಸುಮ್ನೆ ಪಿಬಿಎಸ್ (ಲ್ಯಾಬಿನ ಫಾಸ್ಫೇಟ್ ಉಪ್ಪುನೀರು) ಸುರಿಯಬೇಡಿ. 10 ಮೈಕ್ರೊಗ್ರಾಂಗೆ 100 ಮೈಕ್ರೊಲೀಟರ್ ಹಾಕುವುದಾದರೆ ಗೋಡೆಗುಂಟ ನಿಧಾನವಾಗಿ ಬಿಡಿ, ಹತ್ತು ಹದಿನೈದು ನಿಮಿಷ ಹಾಗೇ ಇಡಿ, ಮೆಲ್ಲಗೆ ಓರೆ ಮಾಡಿ ಗೋಡೆಯನ್ನೆಲ್ಲ ತೊಳೆಯಿರಿ. ವೋರ್ಟೆಕ್ಸ್ ಮಾಡಬೇಡಿ, ಅಂದರೆ ಯಂತ್ರದಲ್ಲಿಟ್ಟು ಜೋರಾಗಿ ಅಲುಗಿಸಬೇಡಿ. ನೊರೆ ಬಂತು ಅಂದರೆ ಪ್ರೋಟೀನ್ ಕೆಡುತ್ತಿದೆ ಅಂತಲೇ ಲೆಕ್ಕ.

ಇಷ್ಟು ಕಡಿಮೆ ಪ್ರೋಟೀನ್ ಪ್ಲಾಸ್ಟಿಕ್ಕಿಗೂ ಅಂಟುತ್ತದೆ. ಅದಕ್ಕೇ ದ್ರಾವಣಕ್ಕೆ ಆಕಳ ರಕ್ತದ ಪ್ರೋಟೀನಾದ ಶೇ 0.1 ಬಿಎಸ್‌ಎ ಸೇರಿಸುತ್ತೇವೆ, ಆಗ ಟ್ಯೂಬಿನ ಗೋಡೆಗೆ ಮೊದಲು ಬಿಎಸ್‌ಎ ಅಂಟಿಕೊಳ್ಳುತ್ತದೆ.

ಈಗ ಲೆಕ್ಕ. ಕಾಗದದಲ್ಲಿ ಮಿಲಿಗ್ರಾಂಗೆ 1 ಕೋಟಿ ಯೂನಿಟ್ (ಪ್ರೋಟೀನ್ ಎಷ್ಟು ಕೆಲಸ ಮಾಡುತ್ತದೆ ಅನ್ನುವ ಅಳತೆ) ಅಂತ ಇದ್ದರೆ ನಿಮ್ಮ ವಯಲಿನಲ್ಲಿ 1 ಲಕ್ಷ ಯೂನಿಟ್ ಇದೆ. 10 ಮೈಕ್ರೊಲೀಟರಿನಂತೆ ಹತ್ತು ಟ್ಯೂಬಿಗೆ ಹಂಚಿದರೆ ಒಂದೊಂದರಲ್ಲಿ 10,000. ಒಂದು ಟ್ಯೂಬನ್ನು ಮೀಡಿಯಂ (ಕೋಶ ಬೆಳೆಸುವ ಪೋಷಕ ದ್ರವ) ಸೇರಿಸಿ 1 ಮಿಲಿಲೀಟರ್ ಮಾಡಿ, ಅದರಿಂದ 100 ಮೈಕ್ರೊಲೀಟರ್ ತೆಗೆದು 10 ಮಿಲಿಲೀಟರ್ ಕಲ್ಚರಿಗೆ ಹಾಕಿ. ಮಿಲಿಲೀಟರಿಗೆ 100 ಯೂನಿಟ್ ಆಯಿತು, ಅಲ್ವಾ? ಬೇರೆ ಲಾಟ್ (ತಯಾರಿಕೆಯ ಬೇರೆ ಕಂತು) ಬಂದರೆ ಈ ಲೆಕ್ಕ ಮತ್ತೆ ಮಾಡಿ, ತೂಕ ಒಂದೇ ಇದ್ದರೂ ಯೂನಿಟ್ ಒಂದೇ ಇರಬೇಕೆಂದಿಲ್ಲ.

ಉಳಿದ ಟ್ಯೂಬುಗಳ ಮೇಲೆ ಲಾಟ್ ನಂಬರ್, ತಾರೀಕು, ಯೂನಿಟ್ ಬರೆದು ಮೈನಸ್ 80 ಡಿಗ್ರಿ ಸೆಲ್ಸಿಯಸ್ ಫ್ರೀಜರಿನಲ್ಲಿಡಿ. ಫ್ರೀಜರಿನಿಂದ ತೆಗೆದು ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ, ದುಬಾರಿ ಮಾಲು ಅಂತ ಆಸೆಪಟ್ಟರೆ ನಂಬಲಾಗದ ಡೇಟಾ ಸಿಗುತ್ತದೆ.

ಕೊನೆಯದಾಗಿ ಎಂಡೋಟಾಕ್ಸಿನ್, ಅಂದರೆ ಇ. ಕೊಲೈಯಂಥ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ವಿಷ. ಇ. ಕೊಲೈನಿಂದ ಬಂದ ಪ್ರೋಟೀನಿನಲ್ಲಿ ಇದು ಚೂರು ಉಳಿದಿದ್ದರೂ ಬಿಳಿ ರಕ್ತಕಣಗಳಾದ ಮೊನೊಸೈಟ್‌ಗಳು ಕೆರಳುತ್ತವೆ, ನಾವು ಅದನ್ನು ಐಎಲ್-2ರ ಕೆಲಸ ಅಂದುಕೊಳ್ಳುತ್ತೇವೆ. ಹಾಗಾಗಿ ಒಂದು ಪಾಲನ್ನು ಕುದಿಸಿ, ಹೋಲಿಸಿ ನೋಡಲು ಕಂಟ್ರೋಲ್ ಆಗಿ ಇಟ್ಟುಕೊಳ್ಳಿ. ಕುದಿಸಿದರೆ ಪ್ರೋಟೀನ್ ಸಾಮಾನ್ಯವಾಗಿ ಕೆಡುತ್ತದೆ, ಎಂಡೋಟಾಕ್ಸಿನ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಕುದಿಸಿದ್ದನ್ನು ಹಾಕಿದರೂ ಕೋಶಗಳು ಅಷ್ಟೇ ಕೆರಳಿದರೆ ಆ ವಯಲನ್ನು ಪಕ್ಕಕ್ಕಿಟ್ಟು ಬೇರೆ ಲಾಟ್ ತರಿಸಿ.