ಟಾರ್ಚು ಮಿಣುಕ್ತಿತ್ತಾ? ಸ್ಪ್ರಿಂಗ್ ನೋಡಿ

ಭದ್ರಾ ನಾಲೆ ನೀರು ರಾತ್ರಿ ಬಂದರೆ ಅಡಿಕೆ ತೋಟಕ್ಕೆ ಒಯ್ಯುವ ಟಾರ್ಚು, 18650 ಅನ್ನೋ ರೀಚಾರ್ಜ್ ಲಿಥಿಯಂ ಸೆಲ್ಲಿನದು. ಹೈಗೆ (ಜೋರು ಬೆಳಕಿಗೆ) ಇಟ್ಟರೆ ಬೆಳಕು ಇಳಿಯುತ್ತಿತ್ತು, ಬದು ದಾಟುವಾಗ ಕುಲುಕಿದರೆ ಆರಿಯೇ ಹೋಗುತ್ತಿತ್ತು. ಹೊಸ ಸೆಲ್ ಹಾಕಿದರೂ ಅದೇ ಕಥೆ. ಹಿಂದಿನ ಮುಚ್ಚಳದೊಳಗೆ ಸೆಲ್ ಒತ್ತುವ ಸ್ಪ್ರಿಂಗ್ ಎಳೆದು ಉದ್ದ ಮಾಡಿದೆ, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದೆ, ನಿಲ್ಲಲಿಲ್ಲ. ಫಾಯಿಲ್ ಮಡಚಿ ತುರುಕುವ ಉಪಾಯ ಮಾತ್ರ ಬೇಡವೇ ಬೇಡ. ಜಾರಿದರೆ ಲಿಥಿಯಂ ಸೆಲ್ ಶಾರ್ಟ್ ಆಗುತ್ತೆ.

ತೆಳ್ಳನೆ ಉಕ್ಕಿನ ಸ್ಪ್ರಿಂಗೇ ಕರೆಂಟಿಗೆ ಅಡ್ಡ. ಅದಕ್ಕೆ ಜೊತೆಯಾಗಿ ತಾಮ್ರದ ತಂತಿಯ ದಾರಿ ಕೊಡಬೇಕು. ಸೆಲ್ ತೆಗೆದಿಟ್ಟು, ಹಿಂದಿನ ಮುಚ್ಚಳ ಬಿಚ್ಚಿ. ಸಿಲಿಕೋನ್ ಹೊದಿಕೆಯ, ಎಳೆಎಳೆಯಾಗಿರುವ 22 ಗೇಜ್ ತಾಮ್ರದ ತಂತಿ ತಗೊಳ್ಳಿ. ಒಂದು ತುದಿಯನ್ನು ಸ್ಪ್ರಿಂಗಿನ ಬುಡಕ್ಕೆ ಬೆಸುಗೆ ಹಾಕಿ. ತಂತಿಯನ್ನು ಸುರುಳಿಯ ಒಳಗಿಂದಲೇ ತಂದು ಇನ್ನೊಂದು ತುದಿಯನ್ನು ಸ್ಪ್ರಿಂಗಿನ ನೆತ್ತಿಗೆ ಬೆಸುಗೆ ಹಾಕಿ. ಸ್ಪ್ರಿಂಗ್ ಪೂರ್ತಿ ಎದ್ದಾಗಲೂ ತಂತಿ ತುಸು ಸಡಿಲ ಇರಬೇಕು. ಬೆಸುಗೆ ಕಬ್ಬಿಣ ಜಾಸ್ತಿ ಹೊತ್ತು ಒತ್ತಬೇಡಿ, ಕಾದರೆ ಸ್ಪ್ರಿಂಗಿನ ಬಿಗಿ ಹೋಗುತ್ತೆ. ನೆತ್ತಿಯ ಮೇಲಿನ ಬೆಸುಗೆ ಉಬ್ಬಿದ್ದರೆ ಅರದಿಂದ ಸಮ ಮಾಡಿ, ಆಮೇಲೆ ಸೆಲ್ ಹಾಕಿ.