ಗೋವಾದ ಉಪ್ಪುಗಾಳಿಗೆ ಯಾವ ಸ್ಟ್ರಟ್ ಬಾರ್ ಒಳ್ಳೇದು?

ವಾಸ್ಕೋ, ಮಡಗಾಂವ್ ಕಡೆ ಇರುವ ನಮ್ಮ ಕನ್ನಡದವರು ಊರಿಗೆ ಹೋಗುವುದೇ ಚೋರ್ಲಾ ಇಲ್ಲವೇ ಅನಮೋಡ ಘಾಟಿ ಹತ್ತಿ. ತಿರುವಿನಲ್ಲಿ ಕಾರಿನ ಮೂತಿ ಒಂಚೂರು ತಡವಾಗಿ ತಿರುಗಿದಂತೆ ಅನಿಸಿದರೆ ಸಾಕು, ಸ್ಟ್ರಟ್ ಬಾರ್ (ಬಾನೆಟ್ ಒಳಗೆ ಎಡಬಲದ ಸಸ್ಪೆನ್ಶನ್ ಮೇಲ್ತುದಿಗಳನ್ನು ಜೋಡಿಸುವ ಅಡ್ಡ ಪೈಪ್) ಹಾಕಿಸೋಣ ಎಂಬ ಮಾತು ಶುರುವಾಗುತ್ತದೆ. ಹಾಕಿಸಿ, ಬೇಡ ಅನ್ನಲ್ಲ. ಆದರೆ ಮೊದಲು ಟೈರ್ ಗಾಳಿ, ಶಾಕ್ ಅಬ್ಸಾರ್ಬರ್, ಸಸ್ಪೆನ್ಶನ್ನಿನ ರಬ್ಬರ್ ಬುಷ್ ನೋಡಿಸಿ. ಅವು ಸವೆದಿದ್ದರೆ ಯಾವ ಬಾರ್ ಹಾಕಿದರೂ ದಂಡ. ಬೊಲೆರೊದಂಥ ಲ್ಯಾಡರ್ ಫ್ರೇಮ್ (ಏಣಿಯಂಥ ಪ್ರತ್ಯೇಕ ಚಾಸಿ ಮೇಲೆ ಬಾಡಿ ಕೂರಿಸಿದ) ಗಾಡಿಗಂತೂ ಇದರ ಗೊಡವೆಯೇ ಬೇಡ.

ಮೊದಲು ಆಕಾರ ನೋಡಿ

ಬಾನೆಟ್ ಒಳಗೆ ಎಡಬಲ ಎರಡು ಸ್ಟ್ರಟ್ ಟವರ್ (ಮುಂದಿನ ಚಕ್ರದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕೂರುವ ಗುಬುಟು) ಇರುತ್ತವಲ್ಲ, ಅವು ಹತ್ತಿರ ಬಾರದಂತೆ, ದೂರ ಹೋಗದಂತೆ ಹಿಡಿಯುವುದಷ್ಟೇ ಈ ಬಾರಿನ ಕೆಲಸ. ನೇರ ಪೈಪ್ ಆದರೆ ಒತ್ತಡ, ಎಳೆತ ಎರಡನ್ನೂ ಸುಲಭವಾಗಿ ತಡೆಯುತ್ತದೆ. ಎಂಜಿನ್ ಅಡ್ಡ ಬರುತ್ತದೆಂದು ಕಮಾನಿನಂತೆ ಬಗ್ಗಿಸಿದ ಪೈಪ್ ಬಾಗುತ್ತದೆ, ಅಲ್ಲಿಗೆ ಅರ್ಧ ಉಪಯೋಗ ಹೋಯಿತು. ತುದಿಯ ಪ್ಲೇಟಿಗೆ ಒಂದೇ ಬೋಲ್ಟಿನಲ್ಲಿ ಸಿಕ್ಕಿಸಿದ ಬಾರಿಗಿಂತ ವೆಲ್ಡ್ ಮಾಡಿದ್ದು ಜಾಸ್ತಿ ಬಿಗಿ. ತೆಳು ಪ್ಲೇಟ್ ಇದ್ದರೆ ಅಂಗಡಿಯಲ್ಲೇ ವಾಪಸ್ ಕೊಟ್ಟುಬಿಡಿ.

ಆಮೇಲೆ ಲೋಹ

ಉಕ್ಕಿನ ಬಿಗಿತ (ಬಾಗದೆ ನಿಲ್ಲುವ ಗುಣ) ಸುಮಾರು 200 ಗಿಗಾಪಾಸ್ಕಲ್, ಅಲ್ಯೂಮಿನಿಯಂನದು 70. ಅಂದರೆ ಒಂದೇ ಅಳತೆಯ ಪೈಪ್ ತಗೊಂಡರೆ ಅಲ್ಯೂಮಿನಿಯಂ ಹತ್ತಿರಹತ್ತಿರ ಮೂರು ಪಟ್ಟು ಹೆಚ್ಚು ಬಾಗುತ್ತದೆ, ತೂಕವೂ ಮೂರನೇ ಒಂದು ಪಾಲೇ. ಹಾಗಂತ ಅಲ್ಯೂಮಿನಿಯಂ ಕೆಲಸಕ್ಕೆ ಬಾರದ್ದೇನಲ್ಲ: ಪೈಪಿನ ಗೋಡೆ ಅಷ್ಟೇ ಇದ್ದು ವ್ಯಾಸ ಎರಡರಷ್ಟಾದರೆ ಬಾಗುವಿಕೆಗೆ ತಡೆ ಸುಮಾರು ಎಂಟು ಪಟ್ಟು ಏರುತ್ತದೆ, ಆದ್ದರಿಂದ ದಪ್ಪ ಅಲ್ಯೂಮಿನಿಯಂ ಬಾರ್ ಸಣ್ಣ ಉಕ್ಕಿನ ಬಾರನ್ನು ಸೋಲಿಸಬಹುದು. ಪಾಲಿಶ್ ಹೊಳಪು ನೋಡಿ ಮರುಳಾಗಬೇಡಿ, ಜೇಬಲ್ಲೊಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಅಂಟಿದರೆ ಬಹುತೇಕ ಸಾಮಾನ್ಯ ಉಕ್ಕು. ಅಂಟದಿದ್ದರೆ ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್, ಕೈಯಲ್ಲಿ ಎತ್ತಿದರೆ ಯಾವುದೆಂದು ಗೊತ್ತಾಗುತ್ತದೆ.

ಈಗ ಉಪ್ಪುಗಾಳಿಯ ವಿಷಯ. ಅಲ್ಯೂಮಿನಿಯಂಗೆ ಉಕ್ಕಿನ ಬೋಲ್ಟ್ ತಾಗಿ, ನಡುವೆ ಉಪ್ಪಿನ ಪಸೆ ಕೂತರೆ ಅಲ್ಯೂಮಿನಿಯಂ ಸವೆಯುತ್ತದೆ. ತೂತಿನ ಸುತ್ತ ಬಿಳಿ ಪುಡಿ ಕಂಡರೆ ಅದೇ. ಕಾರ್ಬನ್ ಫೈಬರ್ ಪಕ್ಕ ಅಲ್ಯೂಮಿನಿಯಂ ಬಂದರೆ ಇನ್ನೂ ಕೆಟ್ಟದು, ದುಡ್ಡೂ ದಂಡ. 304 ಗ್ರೇಡಿನ ಸ್ಟೇನ್‌ಲೆಸ್ ಕೂಡ ಕಡಲ ತೀರದಲ್ಲಿ ಕಂದು ಕಲೆ ಹಿಡಿಯುತ್ತದೆ, 316 ಪರವಾಗಿಲ್ಲ, ಬೆಲೆ ಜಾಸ್ತಿ. ನನ್ನ ಕೇಳಿದರೆ ದಪ್ಪ ಗೋಡೆಯ ಸಾಮಾನ್ಯ ಉಕ್ಕಿನ ನೇರ ಪೈಪ್, ಜಿಂಕ್ ಪ್ರೈಮರ್, ಮೇಲೆ ಪೌಡರ್ ಕೋಟಿಂಗ್. ಪೈಪಿನ ತುದಿಗಳು ಮುಚ್ಚಿರಲಿ, ಇಲ್ಲದಿದ್ದರೆ ತುಕ್ಕು ಒಳಗಿಂದಲೇ ತಿನ್ನುತ್ತದೆ.

ಕೂರಿಸುವಾಗ

ಎಂಜಿನ್ ಕವರ್ ಮೇಲೆ, ಬಾರಿನ ಮೇಲೆ ಒಂದೊಂದು ಚಪಾತಿ ಹಿಟ್ಟಿನ ಉಂಡೆ ಇಡಿ, ಬಾನೆಟನ್ನು ಮೆಲ್ಲಗೆ ಮುಚ್ಚಿ ತೆಗೆಯಿರಿ. ಚಪ್ಪಟೆಯಾದ ಉಂಡೆ ಎಷ್ಟು ದಪ್ಪ ಉಳಿಯಿತೋ ಅಷ್ಟೇ ಜಾಗ ಇದೆ ಎಂದು ಲೆಕ್ಕ. ಎಂಜಿನ್ ಕೂಡ ಅಲುಗಾಡುತ್ತದೆ ಅಲ್ವಾ, ಅದಕ್ಕೂ ಜಾಗ ಬೇಕು. ಕಾರು ನಾಲ್ಕೂ ಚಕ್ರದ ಮೇಲೆ ನಿಂತಿರುವಾಗಲೇ ಟವರಿನ ಸುತ್ತಲಿನ ನಟ್ ಬಿಚ್ಚಿ. ಮಧ್ಯದ ದೊಡ್ಡ ನಟ್ ಮುಟ್ಟಲೇಬೇಡಿ, ಅದರ ಕೆಳಗೆ ಬಿಗಿದ ಸ್ಪ್ರಿಂಗ್ ಇದೆ. ವಾಶರ್ ಕೂರುವ ಜಾಗದ ದಪ್ಪ ಬಣ್ಣ ಕೆರೆದು, ತೆಳ್ಳಗೆ ಪ್ರೈಮರ್ ಮಾತ್ರ ಬಿಡಿ. ದಪ್ಪ ಬಣ್ಣ ನಲುಗಿದರೆ ನಟ್ ಸಡಿಲವಾಗುತ್ತದೆ. ಕಾರಿನ ಸರ್ವಿಸ್ ಕೈಪಿಡಿಯ ಟಾರ್ಕ್ (ನಟ್ ತಿರುಗಿಸುವ ಬಲ) ಅಳತೆಗೆ ಬಿಗಿಸಿ, 500 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ.