ಕಲಾ ಇತಿಹಾಸ ಓದಿ ಒಳಾಂಗಣ ವಿನ್ಯಾಸಕ್ಕೆ ಬಂದೆ

ಕಲಾ ಇತಿಹಾಸ ಓದಿದವರಿಗೆ ಮನೆ ಇಂಟೀರಿಯರ್ ಮಾಡೋಕೆ ಬರುತ್ತಾ ಅಂತ ಬೆಂಗಳೂರಿನಲ್ಲಿ ಸಾಕಷ್ಟು ಜನ ಕೇಳಿದ್ದಾರೆ. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಆಟೊಕ್ಯಾಡ್ ಅನ್ನು ಸಂಜೆ ಕ್ಲಾಸಿಗೆ ಹೋಗಿ ಕಲಿತೆ. ಪ್ಲೈವುಡ್, ಲ್ಯಾಮಿನೇಟ್, ಡ್ರಾಯರ್ ಚಾನೆಲ್‌ಗಳ ಪಾಠ ಸೈಟಿನಲ್ಲಿ ಬಡಗಿಗಳಿಂದಲೇ ಆಯಿತು. ಬೆಳಕನ್ನು ಗಮನಿಸುವ ಅಭ್ಯಾಸ ಮಾತ್ರ ಓದಿನಿಂದ ಬಂತು.

ಶ್ರೀರಂಗಪಟ್ಟಣದ ದರಿಯಾ ದೌಲತ್, ಅಂದರೆ ಟಿಪ್ಪುವಿನ ಬೇಸಿಗೆ ಅರಮನೆ, 1784ರದ್ದು. ವಿದ್ಯಾರ್ಥಿಯಾಗಿದ್ದಾಗ ಅಲ್ಲಿಗೆ ಹೋಗುತ್ತಿದ್ದದ್ದು 1780ರ ಪೊಲ್ಲಿಲೂರು ಯುದ್ಧದ ಚಿತ್ರ ನೋಡೋಕೆ. ಆಮೇಲೆ ಕಣ್ಣು ಜಗಲಿಯ ಕಡೆ ಹೋಯಿತು. ಸುತ್ತ ಮರದ ಕಂಬಗಳು, ಹೊರಗೆ ಇಳಿಬಿಟ್ಟ ಪರದೆ. ಬಿಸಿಲು ನೇರವಾಗಿ ಗೋಡೆಗೆ ಬೀಳಲ್ಲ. ಗೋಡೆ ತುಂಬ ಚಿತ್ರವಿದ್ದರೂ ಕಣ್ಣಿಗೆ ಆಯಾಸ ಆಗದಿರುವುದು ಆ ಮಂದ ಬೆಳಕಿನಿಂದಲೇ ಅಂತ ನನಗೆ ಅನಿಸುತ್ತೆ.

ಬಸವನಗುಡಿಯ ಒಂದು ಮನೆಯಲ್ಲಿ ಇದು ಕೆಲಸಕ್ಕೆ ಬಂತು. ಮನೆಯವರ ಅಜ್ಜಿ ಕಾಲದ ಮೈಸೂರು ಶೈಲಿಯ ರಾಮ ಪಟ್ಟಾಭಿಷೇಕದ ಪಟ. ಬಾಲ್ಕನಿ ಎದುರಿನ ಗೋಡೆಗೇ ಹಾಕಬೇಕು, ಬಂದವರಿಗೆಲ್ಲ ಕಾಣಬೇಕು ಅಂದರು. ಆ ಗೋಡೆಗೆ ಮಧ್ಯಾಹ್ನದ ಬಿಸಿಲು ಹೊಡೆಯುತ್ತೆ, ಬಣ್ಣ ಮಾಸುತ್ತೆ ಅಂದೆ. ಒಪ್ಪಲಿಲ್ಲ. ಕಿಟಕಿ ಪರದೆ ಎಳೆದು, ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಪಟದ ಪಕ್ಕದಿಂದ ಓರೆಯಾಗಿ ಹಿಡಿದೆ. ತಂಜಾವೂರು ಚಿತ್ರಗಳಷ್ಟು ದಪ್ಪ ಚಿನ್ನದ ಉಬ್ಬು ಮೈಸೂರಿನದಕ್ಕೆ ಇರಲ್ಲ ಅಲ್ವಾ? ಎದುರಿನಿಂದ ಬೆಳಕು ಹಾಕಿದರೆ ಅದು ಕಾಣೋದೇ ಇಲ್ಲ. ಓರೆ ಬೆಳಕಿಗೆ ಕಿರೀಟ, ಸರ, ಸಿಂಹಾಸನದ ಚಿನ್ನದ ಗೆರೆಗಳೆಲ್ಲ ಎದ್ದು ನಿಂತವು.

"ಇಷ್ಟೊಂದು ಕುಸುರಿ ಇದೆ ಅಂತ ಗೊತ್ತೇ ಇರಲಿಲ್ಲ ಕಣಮ್ಮ" ಅಂದರು ಮನೆಯ ಹಿರಿಯಮ್ಮ.

ಪಟವನ್ನು ಒಳಗಿನ ಗೋಡೆಗೆ ಹಾಕಿದೆವು. ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಲ್ಲಿ 3000 ಕೆಲ್ವಿನ್‌ನ, ಅಂದರೆ ಹಳದಿ ಛಾಯೆಯ, ಒಂದು ಎಲ್‌ಇಡಿ, ಜೊತೆಗೆ ಬೆಳಕು ಹೆಚ್ಚುಕಡಿಮೆ ಮಾಡೋಕೆ ಡಿಮ್ಮರ್. ಗಾಜು ಚಿತ್ರಕ್ಕೆ ತಾಗದ ಹಾಗೆ ಫ್ರೇಮಿನೊಳಗೆ ಸಣ್ಣ ಪಟ್ಟಿ. ಗೋಡೆಗೆ ಪಟದಲ್ಲೇ ಇದ್ದ ಮಾಸಲು ಹಸಿರು.

ಈಗ ಯಾವ ಮನೆಯಾದರೂ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿಯೇ ಡ್ರಾಯಿಂಗ್ ಶುರು ಮಾಡುತ್ತೇನೆ. ಅದಕ್ಕೆ ಕೊಟೇಶನ್‌ನಲ್ಲಿ ಬೇರೆ ಫೀಸ್ ಹಾಕುತ್ತೇನೆ. ಕಲಾ ಇತಿಹಾಸದಿಂದ ಈ ಕೆಲಸಕ್ಕೆ ಬರುವವರು ಇದನ್ನು ಸುಮ್ನೆ ಬಿಟ್ಟಿಯಾಗಿ ಮಾಡಿಕೊಡಬೇಡಿ.